ಶ್ವಾನಮಲದ ವಿಲೇವಾರಿ: ಒಂದು ವೃತ್ತಿವಿಚಾರ

ಕನ್ನಡ ನಾಡಿನ ಬೇಸಾಯಗಾರನ ನುಡಿಯಲ್ಲಿ ಪ್ರಾಣಿಗಳ ಮಲಕ್ಕೆ ಒಂದೇ ಹೆಸರಿಲ್ಲ. ಹಸು ಎಮ್ಮೆಗಳದು ಸಗಣಿ. ಆನೆ ಕುದುರೆಗಳದು ಲದ್ದಿ. ಆಡು ಕುರಿಗಳದು ಹಿಕ್ಕೆ. ಸಗಣಿಯಿಂದ ಅಂಗಳವನ್ನು ಸಾರಿಸುವರು, ಬೆರಣಿಯನ್ನು ತಟ್ಟುವರು. ಹಿಕ್ಕೆಯ ಗೊಬ್ಬರಕ್ಕಾಗಿ ಕುರಿಗಾರನಿಗೆ ಕಾಳುಕಡ್ಡಿ ಕೊಟ್ಟು ಹೊಲದಲ್ಲಿ ಮಂದೆಯನ್ನು ನಿಲ್ಲಿಸಿಕೊಳ್ಳುವರು. ಉಪಯೋಗವಿದ್ದ ಕಡೆ ಭಾಷೆ ಹೆಸರಿಡುತ್ತದೆ. ನಾಯಿಯದಕ್ಕೆ ಮಾತ್ರ ತನ್ನದೆಂದು ಹೇಳಿಕೊಳ್ಳುವ ಹೆಸರೊಂದಿಲ್ಲ. ಮನುಷ್ಯನದಕ್ಕೆ ಸಲ್ಲುವ ಗ್ರಾಮ್ಯಶಬ್ದವೇ ಅದಕ್ಕೂ ಸಲ್ಲುತ್ತದೆ. ಸಂಸ್ಕೃತ ನಿಘಂಟುಗಳಲ್ಲಿ ಪುರೀಷ, ಶಕೃತ್, ವಿಷ್ಠಾ, ಅವಸ್ಕರ ಮೊದಲಾದ ಪರ್ಯಾಯಗಳು ದೊರೆಯುತ್ತವೆಯಾದರೂ ಅವೆಲ್ಲವೂ ಸಾಮಾನ್ಯವಾಚಕಗಳು. ಗೋವಿನದಕ್ಕೆ ಗೋಮಯವೆಂಬ ಪ್ರತ್ಯೇಕ ಗೌರವವುಂಟು. ಇನ್ನು ಅಮೇಧ್ಯವೆಂಬ ಶಬ್ದದ ಮೂಲಾರ್ಥ ಯಜ್ಞಕ್ಕೆ ಯೋಗ್ಯವಲ್ಲದ್ದು ಎಂದು. ಮುಟ್ಟಬಾರದೆಂಬುದನ್ನು ಆ ಶಬ್ದ ತಿಳಿಸುತ್ತದೆಯೇ ಹೊರತು, ಮುಟ್ಟಿ ತೆಗೆಯಲೇಬೇಕಾದವನು ಏನು ಮಾಡಬೇಕೆಂಬುದನ್ನು ತಿಳಿಸುವುದಿಲ್ಲ.

ಇಂತಹ ಸ್ಮರಣ ಸಂಚಿಕೆಗಳಲ್ಲಿ ಪಂಡಿತರಾದವರು ಕಾವ್ಯಮೀಮಾಂಸೆಯನ್ನೋ ಶಾಸನವಿಚಾರವನ್ನೋ ಬರೆಯುವುದು ವಾಡಿಕೆ. ನಾಯಿಯ ಮಲವೆಂಬ ವಿಷಯವನ್ನು ಎತ್ತಿಕೊಂಡುದಕ್ಕೆ ಕೆಲವರು ಹುಬ್ಬು ಗಂಟಿಕ್ಕಿಯಾರು. ಆದರೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಬೆಂಗಳೂರಿನಂತಹ ನಗರಗಳ ಬಹುಮಹಡಿ ಕಟ್ಟಡಗಳಲ್ಲಿಯೂ, ಕೆಲವರು ಅಮೆರಿಕದಂತಹ ದೂರದೇಶಗಳಲ್ಲಿಯೂ ಸಂಸಾರ ಹೂಡಿದ್ದಾರೆ. ಮನೆಯಲ್ಲಿ ನಾಯಿಯನ್ನು ಸಾಕಿದ್ದಾರೆ. ಹಳ್ಳಿಯ ನಾಯಿ ಊರ ಹೊರಗಿನ ಬಯಲಿಗೆ ತಾನೇ ಹೋಗಿಬರುತ್ತಿದ್ದಿತು. ಎಂಟನೆಯ ಅಂತಸ್ತಿನ ನಾಯಿಗೆ ಆ ಸೌಕರ್ಯವಿಲ್ಲ. ಅದರ ಮಲವನ್ನು ಯಾರು ಎತ್ತಬೇಕು, ಎತ್ತಿದ ಮೇಲೆ ಎಲ್ಲಿಗೆ ಹಾಕಬೇಕು ಎಂಬ ಎರಡು ಪ್ರಶ್ನೆಗಳು ಈಗ ನಮ್ಮ ಹೊಸ್ತಿಲಿಗೇ ಬಂದಿವೆ. ಈ ಎರಡು ಪ್ರಶ್ನೆಗಳಿಗೆ ಉತ್ತರ ಹೇಳುವುದನ್ನೇ ಜೀವನೋಪಾಯವಾಗಿ ಮಾಡಿಕೊಂಡವರು ಪರದೇಶಗಳಲ್ಲಿ ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಹಿಂದಿನವರ ಕಥೆಗೂ ಇಂದಿನವರ ಕಥೆಗೂ ನಡುವೆ ಒಂದು ವಿಚಿತ್ರವಾದ ತಿರುವು ಇದೆ. ಪ್ರಕೃತ ಲೇಖನದ ಉದ್ದೇಶ ಆ ತಿರುವನ್ನು ವಿವರಿಸುವುದು.

ಹತ್ತೊಂಬತ್ತನೆಯ ಶತಮಾನದ ಲಂಡನ್ ನಗರದಲ್ಲಿ ನಾಯಿಯ ಮಲಕ್ಕೆ ಬೆಲೆಯಿದ್ದಿತು. ಹೆನ್ರಿ ಮೇಹ್ಯೂ ಎಂಬ ಪತ್ರಿಕಾಕರ್ತನು ಆ ನಗರದ ಕೂಲಿಕಾರರನ್ನೂ ಬಡವರನ್ನೂ ಮುಖತಃ ಕಂಡು, ಅವರ ಕಸಬುಗಳನ್ನು ಒಂದೊಂದಾಗಿ ವಿಚಾರಿಸಿ ಬರೆದ ಗ್ರಂಥ 1851ರಲ್ಲಿ ಹೊರಬಂದಿತು. ಬೀದಿಬೀದಿ ಅಲೆದು ನಾಯಿಯ ಮಲವನ್ನು ಆಯ್ದು ಮಾರುವವರ ಪ್ರಕರಣವೊಂದು ಅದರಲ್ಲಿದೆ. ಅವರನ್ನು ಜನರು ‘ಪ್ಯೂರ್ ಫೈಂಡರ್’ ಎಂದು ಕರೆಯುತ್ತಿದ್ದರು. ‘ಪ್ಯೂರ್’ ಎಂದರೆ ಇಂಗ್ಲಿಷಿನಲ್ಲಿ ಶುದ್ಧವಾದುದು ಎಂದರ್ಥ. ಫೈಂಡರ್ ಎಂದರೆ ಹುಡುಕುವವನು. ಶುದ್ಧವನ್ನು ಹುಡುಕುವವನು ಎಂಬ ಈ ಹೆಸರು ಕೇಳಿದೊಡನೆ ಇದು ವ್ಯಂಗ್ಯವೆಂದು, ನಮ್ಮ ಅಲಂಕಾರಿಕರು ಹೇಳುವ ವಿಪರೀತ ಲಕ್ಷಣೆಯೆಂದು ತೋರುವುದು ಸಹಜ. ವಾಸ್ತವವಾಗಿ ಹಾಗಲ್ಲ. ಆ ಪದಾರ್ಥಕ್ಕೆ ತೊಗಲನ್ನು ಶುದ್ಧಗೊಳಿಸುವ ಗುಣವಿದ್ದುದರಿಂದ ಆ ಹೆಸರು ಬಂದಿತೆಂದು ಮೇಹ್ಯೂ ತಿಳಿಸುತ್ತಾನೆ. ತುಪ್ಪವು ಆಯುಸ್ಸನ್ನು ವೃದ್ಧಿಗೊಳಿಸುವುದರಿಂದ ತುಪ್ಪವನ್ನೇ ಆಯುಸ್ಸೆಂದು ಕರೆಯುವ ಪ್ರಯೋಗವನ್ನು ಶಾಸ್ತ್ರವನ್ನೋದಿದವರು ಬಲ್ಲರು. ಕಾರ್ಯದ ಹೆಸರನ್ನು ಕಾರಣಕ್ಕೆ ಆರೋಪಿಸುವ ಆ ಮಾರ್ಗವೇ ಇಲ್ಲಿಯದೂ. ಲಂಡನ್ನಿನ ಚರ್ಮಕಾರನು ಮಮ್ಮಟನನ್ನು ಓದಿರಲಾರ. ಲಕ್ಷಣೆಗೆ ಓದಿನ ಹಂಗಿಲ್ಲ.

ಆ ಶುದ್ಧೀಕರಣದ ಬಗೆಯನ್ನು ಸ್ವಲ್ಪ ವಿಶದವಾಗಿ ಹೇಳಬೇಕು. ತೊಗಲಿನ ಮೇಲಣ ಕೂದಲನ್ನು ಕಳೆಯಲು ಅದನ್ನು ಸುಣ್ಣದ ನೀರಿನಲ್ಲಿ ನೆನೆಹಾಕುವರು. ಸುಣ್ಣ ಹೀರಿದ ತೊಗಲು ಉಬ್ಬಿ ಬಿರುಸಾಗುತ್ತದೆ. ಅದನ್ನು ಹಾಗೆಯೇ ಹದಗೊಳಿಸಿದರೆ ಅಟ್ಟೆಗೆ ಆದೀತು, ಮೃದುವಾದ ಕೆಲಸಕ್ಕೆ ಬಾರದು. ಆದ್ದರಿಂದ ಆಡು ಕುರಿಮರಿಗಳ ತೆಳುವಾದ ತೊಗಲನ್ನು ನಾಯಿಯ ಮಲವನ್ನು ಕದಡಿದ ಬೆಚ್ಚನೆಯ ನೀರಿನಲ್ಲಿ ಇಡುತ್ತಿದ್ದರು. ಸುಣ್ಣದ ಅಂಶ ಇಳಿದು, ಉಬ್ಬು ತಗ್ಗಿ, ತೊಗಲು ರೇಶ್ಮೆಯಂತೆ ನವಿರಾಗುತ್ತಿದ್ದಿತು. ಕೈಗವಸಿಗೆ, ಉತ್ತಮ ಪಾದರಕ್ಷೆಗೆ, ಪುಸ್ತಕದ ರಟ್ಟಿನ ಹೊದಿಕೆಗೆ ಇಂತಹ ಚರ್ಮವೇ ಬೇಕು. ನಮ್ಮ ಹಳೆಯ ಗ್ರಂಥಭಂಡಾರಗಳಲ್ಲಿ ಆ ಕಾಲದ ಇಂಗ್ಲೆಂಡಿನ ಚರ್ಮದ ಹೊದಿಕೆಯ ಸಂಪುಟಗಳನ್ನು ನಾವು ಕಣ್ಣಿಗೊತ್ತಿಕೊಂಡು ಇಳಿಸುತ್ತೇವೆ; ಅವುಗಳ ನವಿರಿನಲ್ಲಿ ಈ ಪದಾರ್ಥದ ಪಾಲೂ ಇದ್ದಿರಬಹುದು. ಮೊರಾಕ್ಕೊ ದೇಶದ ಫೆಜ್ ನಗರದ ಪುರಾತನ ಹದಗುಂಡಿಗಳಲ್ಲಿ ಇದೇ ಕೆಲಸಕ್ಕೆ ಪಾರಿವಾಳದ ಹಿಕ್ಕೆಯನ್ನು ಉಪಯೋಗಿಸುತ್ತಾರೆ.

ಥೇಮ್ಸ್ ನದಿಯ ದಕ್ಷಿಣಕ್ಕಿರುವ ಬರ್ಮಂಡ್ಸೆ ಎಂಬ ಭಾಗದಲ್ಲಿ ಆಗ ಸುಮಾರು 30 ಹದಗಾರಿಕೆಯ ಅಂಗಳಗಳಿದ್ದುವು. ಆಯ್ದವರು ಅಲ್ಲಿಗೆ ಒಯ್ದು ಬಕೀಟಿನ ಲೆಕ್ಕದಲ್ಲಿ ಮಾರುತ್ತಿದ್ದರು. ಸಾಧಾರಣ ಮಾಲಿಗೆ ಬಕೀಟಿಗೆ 8ರಿಂದ 10 ಪೆನ್ಸ್. ಮೇಲ್ತರದ್ದಕ್ಕೆ ಒಂದು ಶಿಲಿಂಗು, ಕೆಲವೊಮ್ಮೆ ಅದಕ್ಕೂ ಎರಡು ಪೆನ್ಸ್ ಹೆಚ್ಚು. ಒಣಗಿ ಸುಣ್ಣದಂತೆ ಬೆಳ್ಳಗಾದುದೇ ಮೇಲ್ತರದ್ದೆಂದು ಎಣಿಕೆ. ಬೆಲೆಯಿದ್ದಲ್ಲಿ ಕಲಬೆರಕೆಯೂ ಇರಬೇಕಷ್ಟೆ. ಹಳೆಯ ಗೋಡೆಗಳಿಂದ ಗಾರೆಯನ್ನು ಕೆದಕಿ ಪುಡಿಮಾಡಿ ಅದರೊಡನೆ ಬೆರೆಸುವವರಿದ್ದರಂತೆ! ಹಾಲಿಗೆ ನೀರು ಬೆರೆಸುವ ವಿದ್ಯೆ ನಮಗೆ ಗೊತ್ತು. ಮಲಕ್ಕೂ ಕಲಬೆರಕೆ ಉಂಟೆಂಬುದು ಮೇಹ್ಯೂವಿನ ಪುಟಗಳಿಂದ ತಿಳಿಯುತ್ತದೆ.

ಈ ಕಸಬಿನವರ ಉಪಕರಣ ಮುಚ್ಚಳವಿರುವ ಒಂದು ಬುಟ್ಟಿ, ಬಲಗೈಗೆ ಒಂದು ತೊಗಲಿನ ಗವಸು. ಗವಸನ್ನು ಶುಚಿಯಾಗಿಡುವುದಕ್ಕಿಂತ ಕೈಯನ್ನು ತೊಳೆಯುವುದು ಸುಲಭವೆಂದು ಅನೇಕರು ಗವಸನ್ನೂ ಬಿಟ್ಟಿದ್ದರು. ಅವರಲ್ಲಿ ವೃದ್ಧರೂ ವೃದ್ಧೆಯರೂ ಇದ್ದರು. ಹಿಂದೆ ಚೆನ್ನಾಗಿ ಬಾಳಿ ಆಮೇಲೆ ದಿಕ್ಕುಗೆಟ್ಟವರಿದ್ದರು. ಸರ್ಕಾರದ ಅನಾಥಾಲಯಕ್ಕೆ ಸೇರಿ ಭಿಕ್ಷಾನ್ನವನ್ನು ಉಣ್ಣುವುದಕ್ಕಿಂತ ಬೀದಿಯಲ್ಲಿ ಸಾಯುವುದು ಲೇಸೆಂದು ಬುಟ್ಟಿ ಹಿಡಿದವರೂ ಇದ್ದರು. ಅವರ ಶ್ರಮದಿಂದ ಲಂಡನ್ನಿನ ಬೀದಿಗಳು ಅಷ್ಟರಮಟ್ಟಿಗೆ ಚೊಕ್ಕಟವಾದುವು. ಆದರೆ ಬೀದಿಯನ್ನು ಚೊಕ್ಕಟ ಮಾಡಿದುದಕ್ಕಾಗಿ ಅವರಿಗೆ ಯಾರೂ ಕಾಸು ಕೊಡಲಿಲ್ಲ. ಕಾಸು ಸಂದದ್ದು ಸರಕಿಗೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಮಲದಲ್ಲಿ ತೊಗಲನ್ನು ಮೆತ್ತಗಾಗಿಸುವುದು ಯಾವುದು ಎಂಬುದನ್ನು ಹದಗಾರರು ಅರಿಯದೆಯೇ ಬಹುಕಾಲ ಕೆಲಸ ಮಾಡಿದರು. ಅದರಲ್ಲಿರುವ ಸೂಕ್ಷ್ಮಜೀವಿಗಳೂ ಅನ್ನವನ್ನು ಅರಗಿಸುವ ಕಿಣ್ವಗಳೂ ಆ ಕೆಲಸಕ್ಕೆ ಕಾರಣವೆಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಶೋಧಕರಿಗೆ ಹೊಳೆಯತೊಡಗಿತು. ಜರ್ಮನಿಯ ರಸಾಯನಶಾಸ್ತ್ರಜ್ಞ ಓಟ್ಟೋ ರೋಮ್ ಎಂಬಾತನು ಪ್ರಾಣಿಗಳ ಮೇದೋಜೀರಕ ಗ್ರಂಥಿಯ ಕಿಣ್ವವನ್ನೇ ನೇರವಾಗಿ ಉಪಯೋಗಿಸುವ ಒಂದು ಪುಡಿಯನ್ನು ಸಿದ್ಧಗೊಳಿಸಿ, 1907ರಲ್ಲಿ ಓಟ್ಟೋ ಹಾಸ್ ಎಂಬ ಗೆಳೆಯನೊಡಗೂಡಿ ವ್ಯಾಪಾರಸಂಸ್ಥೆಯನ್ನು ಸ್ಥಾಪಿಸಿದನು. ಆ ಪುಡಿಗೆ ಒರೊಪಾನ್ ಎಂದು ಹೆಸರು. ಅದಕ್ಕೆ ನಾತವಿಲ್ಲ, ಕಲಬೆರಕೆಯ ಭಯವಿಲ್ಲ, ಪ್ರತಿಸಲವೂ ಒಂದೇ ಅಳತೆಯ ಪರಿಣಾಮ. ಮುಂದೆ ಇದೇ ಸಂಸ್ಥೆ ಪ್ಲೆಕ್ಸಿಗ್ಲಾಸ್ ಎಂಬ ಗಾಜಿನಂತಹ ಪದಾರ್ಥವನ್ನು ತಯಾರಿಸಿ ಪ್ರಸಿದ್ಧವಾಯಿತು. ಒರೊಪಾನಿನಂತಹ ಪುಡಿಗಳು ಹದಗಾರಿಕೆಯಲ್ಲಿ ನೆಲೆಯೂರಿದಂತೆಲ್ಲ ಬೀದಿಯ ಬುಟ್ಟಿಗೆ ಗಿರಾಕಿ ಇಲ್ಲವಾದನು. ಬೇಡಿಕೆ ಹೋಯಿತು, ನಾಯಿಗಳು ಹೋಗಲಿಲ್ಲ.

ಹೀಗೆ ಸರಕು ಕಸವಾಯಿತು. ಕಸವಾದ ಮೇಲೆ ಅದು ಯಾರ ಹೊಣೆ ಎಂಬ ವ್ಯಾಜ್ಯ ಹುಟ್ಟಿತು.

ಈ ವ್ಯಾಜ್ಯವನ್ನು ಎರಡು ಮಹಾನಗರಗಳು ಎರಡು ಬಗೆಯಲ್ಲಿ ತೀರಿಸಹೊರಟುವು. ನ್ಯೂಯಾರ್ಕಿನಲ್ಲಿ 1970ರ ದಶಕದ ಆರಂಭದಲ್ಲಿ ಫ್ರಾನ್ ಲೀ ಎಂಬ ಮಹಿಳೆ ‘ನಾಯಿಗಳಿಗಿಂತ ಮಕ್ಕಳು ಮೊದಲು’ ಎಂಬ ಅರ್ಥದ ಹೆಸರಿನ ಸಂಘವನ್ನು ಕಟ್ಟಿ, ನಾಯಿಯ ಮಲದಿಂದ ಮಕ್ಕಳಿಗೆ ತಗಲುವ ಹುಳುವಿನ ರೋಗವನ್ನು ಕುರಿತು ಊರೆಲ್ಲ ಕೇಳುವಂತೆ ಕೂಗೆಬ್ಬಿಸಿದಳು. ನಾಯಿಯ ಒಡೆಯರು ಅವಳ ಮೇಲೆ ಕಿಡಿಕಾರಿದರು. ಆದರೂ 1978ರ ಆಗಸ್ಟ್ 1ರಿಂದ ಅಲ್ಲಿ ಕಾಯಿದೆ ಜಾರಿಗೆ ಬಂದಿತು. ತನ್ನ ನಾಯಿ ಬೀದಿಯಲ್ಲಿ ಮಾಡಿದುದನ್ನು ಒಡೆಯನು ತಾನೇ ಎತ್ತಬೇಕು, ತಪ್ಪಿದಲ್ಲಿ ದಂಡ. ಯಾರೂ ಇದನ್ನು ಪಾಲಿಸರೆಂದು ಅಂದು ನಕ್ಕವರು ಬಹಳ. ಪೋಲೀಸರ ದಂಡಕ್ಕಿಂತ ನೆರೆಹೊರೆಯವರ ದೃಷ್ಟಿಯೇ ಹೆಚ್ಚು ಕೆಲಸ ಮಾಡಿ, ಕೈಯಲ್ಲಿ ಚೀಲ ಹಿಡಿದು ನಾಯಿಯೊಡನೆ ನಡೆಯುವುದು ಅಲ್ಲಿಯ ರೂಢಿಯಾಯಿತು.

ಪ್ಯಾರಿಸ್ ನಗರ ಬೇರೆ ಮಾರ್ಗವನ್ನು ಹಿಡಿಯಿತು. ಒಡೆಯನಿಗೆ ತೊಂದರೆ ಕೊಡುವುದೇಕೆಂದು 1982ರಲ್ಲಿ ನಗರಾಡಳಿತವೇ ಮಲವನ್ನು ಹೀರಿಕೊಳ್ಳುವ ಯಂತ್ರಗಳುಳ್ಳ ಮೋಟಾರ್ ಸೈಕಲುಗಳನ್ನು ಬೀದಿಗಿಳಿಸಿತು. ಹಸುರು ಉಡುಪಿನ ಸವಾರರು ಕಾಲುದಾರಿಗಳಲ್ಲಿ ಸಂಚರಿಸಿ ಮಲವನ್ನು ಹೀರಿಸಿಕೊಳ್ಳುತ್ತಿದ್ದರು. ನೋಡಲು ಸೊಗಸು, ವೆಚ್ಚ ವಿಪರೀತ. ಇಷ್ಟಾದರೂ ಬೀಳುತ್ತಿದ್ದುದರಲ್ಲಿ ಒಂದು ಸಣ್ಣ ಪಾಲು ಮಾತ್ರ ಯಂತ್ರಕ್ಕೆ ಸಿಕ್ಕುತ್ತಿದ್ದಿತು. ನಗರವೇ ಎತ್ತುತ್ತದೆಯೆಂದು ತಿಳಿದ ಒಡೆಯರು ಬಗ್ಗುವುದನ್ನು ಕಲಿಯಲೂ ಇಲ್ಲ. ಕಡೆಗೆ 2004ರಲ್ಲಿ ಆ ವಾಹನಗಳನ್ನು ನಿಲ್ಲಿಸಿ, ಪ್ಯಾರಿಸ್ ಕೂಡ ದಂಡದ ದಾರಿಗೇ ಬಂದಿತು. ಸಾಕಿದವನ ಹೊಣೆಯನ್ನು ಸಮುದಾಯದ ಬೊಕ್ಕಸ ಹೊತ್ತರೆ ಹೊಣೆ ಬೆಳೆಯುತ್ತದೆಯೇ ವಿನಾ ಕಡಮೆಯಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಕಂಡಿಲ್ಲ.

ಹೊಣೆ ಒಡೆಯನದೆಂದು ನಿಷ್ಕರ್ಷೆಯಾದ ಮೇಲೆಯೇ ಹೊಸ ವೃತ್ತಿಗೆ ಎಡೆಯಾಯಿತು. ತನ್ನ ಹೊಣೆಯನ್ನು ತಾನು ನಿರ್ವಹಿಸಲಾರದವನು ಹಣ ತೆತ್ತು ಮತ್ತೊಬ್ಬನಿಂದ ಮಾಡಿಸುವನು. ಅಮೆರಿಕದಲ್ಲಿ ಮನೆಯ ಸುತ್ತ ಹುಲ್ಲಿನ ಅಂಗಳವಿರುವುದು ಸಾಮಾನ್ಯ. ನಾಯಿ ಅಲ್ಲಿಯೇ ತಿರುಗಾಡುತ್ತದೆ. ವಯಸ್ಸಾದವರು, ಗರ್ಭಿಣಿಯರು, ದಿನವೆಲ್ಲ ಉದ್ಯೋಗದಲ್ಲಿರುವವರು ಅಂಗಳವನ್ನು ಚೊಕ್ಕಟವಾಗಿಡಲು ವಾರಕ್ಕೊಮ್ಮೆ ಬರುವ ವೃತ್ತಿಪರನನ್ನು ಗೊತ್ತುಮಾಡಿಕೊಳ್ಳುತ್ತಾರೆ. ಒಬ್ಬಿಬ್ಬರೇ ನಡೆಸುವ ಸಣ್ಣ ಉದ್ಯಮಗಳು ಅಲ್ಲಿ ಹೇರಳ. 2000ದಲ್ಲಿ ವರ್ಜೀನಿಯಾ ಸಂಸ್ಥಾನದಲ್ಲಿ ಹುಟ್ಟಿದ ಡೂಡಿಕಾಲ್ಸ್ ಎಂಬಂತಹ ಸಂಸ್ಥೆಗಳು ತಮ್ಮ ಹೆಸರಿನಲ್ಲಿ ಬೇರೆಯವರಿಗೆ ಶಾಖೆಗಳನ್ನು ಕೊಡುವಷ್ಟು ಬೆಳೆದಿವೆ.

ಅವರ ಕೆಲಸದ ಕ್ರಮ ತಿಳಿಯತಕ್ಕದ್ದು. ಉದ್ದ ಹಿಡಿಯ ಹಲ್ಲುಗೋಲು ಒಂದು, ಉದ್ದ ಹಿಡಿಯದೇ ಆದ ಕಸದ ಮೊರ ಒಂದು, ದಪ್ಪ ಚೀಲ, ಕೈಗವಸು, ರಬ್ಬರಿನ ಬೂಟು. ಮೂಲ ಬಂಡವಾಳ ಇಷ್ಟೇ, ಜೊತೆಗೆ ಒಂದು ವಾಹನ. ಅಂಗಳವನ್ನು ಹೊಲ ಉಳುವವನಂತೆ ಸಾಲುಸಾಲಾಗಿ, ಮೊದಲು ಉದ್ದಕ್ಕೂ ಅನಂತರ ಅಡ್ಡಕ್ಕೂ ನಡೆಯಬೇಕು; ಮನಬಂದಂತೆ ತಿರುಗಿದರೆ ಅರ್ಧ ಉಳಿದುಹೋಗುತ್ತದೆ. ಹೊರಡುವಾಗ ಅಗುಳಿಯನ್ನು ಹಾಕಿದೆನೆಂದು ಖಚಿತಪಡಿಸಿಕೊಳ್ಳಬೇಕು. ನಾಯಿ ತಪ್ಪಿಸಿಕೊಂಡು ಹೋದರೆ ವರ್ಷದ ಗಿರಾಕಿ ಒಂದು ನಿಮಿಷದಲ್ಲಿ ಹೋದನು. ಎಲ್ಲಕ್ಕಿಂತ ಮುಖ್ಯವಾದುದು, ಒಂದು ಮನೆಯಿಂದ ಮತ್ತೊಂದಕ್ಕೆ ಹೋಗುವ ಮೊದಲು ಬೂಟನ್ನೂ ಸಲಕರಣೆಯನ್ನೂ ರೋಗನಾಶಕ ದ್ರವದಿಂದ ತೊಳೆಯುವುದು. ನಾಯಿಮರಿಗಳನ್ನು ಕೊಲ್ಲುವ ಪಾರ್ವೊ ಎಂಬ ವೈರಾಣು ಮಲದಿಂದ ಹರಡುವಂಥದು, ನೆಲದಲ್ಲಿ ತಿಂಗಳುಗಟ್ಟಲೆ ಬದುಕುವಂಥದು. ತೊಳೆಯದ ಬೂಟಿನ ಚೊಕ್ಕಟಗಾರನು ರೋಗವನ್ನು ಮನೆಮನೆಗೆ ಹಂಚುವ ಅಂಚೆಯವನಾಗುತ್ತಾನೆ.

ಕೂಲಿಯನ್ನು ನಾಯಿಗಳ ಸಂಖ್ಯೆಯ ಮೇಲೆ, ಭೇಟಿಗಳ ಸಂಖ್ಯೆಯ ಮೇಲೆ ಕಟ್ಟುತ್ತಾರೆ. ಬಹುಕಾಲ ಎತ್ತದೆ ಬಿಟ್ಟ ಅಂಗಳದ ಮೊದಲ ಶುದ್ಧಿಗೆ ಬೇರೆ ದರ. ಇದು ನ್ಯಾಯವಾದ ಪದ್ಧತಿ. ಆದರೆ ಹೊಸದಾಗಿ ಈ ವೃತ್ತಿಗೆ ಇಳಿಯುವವರು ಎತ್ತುವ ಶ್ರಮವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಎತ್ತಿದ ಹೊರೆಯನ್ನು ಹಿಡಿಯುವುದಿಲ್ಲ. ಸರಾಸರಿ ಗಾತ್ರದ ನಾಯಿ ದಿನಕ್ಕೆ ಸುಮಾರು 340 ಗ್ರಾಂ ಮಲ ವಿಸರ್ಜಿಸುತ್ತದೆಂದು ಅಮೆರಿಕದಲ್ಲಿ ಬಳಕೆಯಲ್ಲಿರುವ ಅಂದಾಜು. ಎರಡು ನಾಯಿಗಳ ಮನೆಯಲ್ಲಿ ವಾರಕ್ಕೆ ಸುಮಾರು ನಾಲ್ಕು ಮುಕ್ಕಾಲು ಕಿಲೋ ಆಯಿತು. ಅಂತಹ 40 ಮನೆಗಳನ್ನು ಒಬ್ಬನು ವಹಿಸಿಕೊಂಡನೆಂದರೆ ವಾರಕ್ಕೆ 190 ಕಿಲೋ! ಈ ಹೊರೆಯನ್ನು ಎಲ್ಲಿ ಇಳಿಸುವುದು? ಅದೇ ಗಿರಾಕಿಯ ಕಸದ ತೊಟ್ಟಿಯಲ್ಲಿ ಇಳಿಸಿ ಹೋಗುವುದು ಒಂದು ಬಗೆ. ತಾನೇ ಒಯ್ದು ನಗರದವರು ಒಪ್ಪುವ ಭರ್ತಿನೆಲಕ್ಕೆ ಶುಲ್ಕ ತೆತ್ತು ಹಾಕುವುದು ಇನ್ನೊಂದು ಬಗೆ. ಇವೆರಡನ್ನೂ ಬಿಟ್ಟು ಹಾಳುಬಾವಿಗೋ ಹಳ್ಳಕ್ಕೋ ಸುರಿಯುವವನು ಚೊಕ್ಕಟದ ವೃತ್ತಿಯವನಲ್ಲ, ಕೊಳೆಯನ್ನು ಸಾಗಿಸುವ ಬಾಡಿಗೆಯವನು.

ಸಗಣಿಯಂತೆ ಗೊಬ್ಬರವಾಗಿ ಹಾಕಬಾರದೇಕೆ ಎಂಬ ಪ್ರಶ್ನೆಯನ್ನು ನಮ್ಮ ಕಡೆಯವರು ಕೇಳುವುದು ಸಹಜ. ಹುಲ್ಲು ತಿನ್ನುವ ಪ್ರಾಣಿಯದಕ್ಕೂ ಮಾಂಸ ತಿನ್ನುವ ಪ್ರಾಣಿಯದಕ್ಕೂ ಅಂತರವುಂಟು. ನಾಯಿಯ ಕರುಳಿನಲ್ಲಿ ವಾಸಿಸುವ ಹುಳುಗಳಲ್ಲಿ ಮನುಷ್ಯನಿಗೆ ಹತ್ತುವ ಜಾತಿಗಳಿವೆ. ಟಾಕ್ಸೊಕಾರ ಎಂಬ ದುಂಡುಹುಳು ನಾಯಿಮರಿಗೆ ತಾಯಿಯ ಗರ್ಭದಲ್ಲಿಯೇ ಅಂಟುತ್ತದೆ. ಆದುದರಿಂದ ಕಣ್ಣಿಗೆ ಮುದ್ದಾಗಿ ಕಾಣುವ ಮರಿಯ ಮಲವೇ ಹೆಚ್ಚು ಅಪಾಯದ್ದು. ಮಲದೊಡನೆ ಹೊರಬಿದ್ದ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಳ ಕಾಲವೂ ಉಳಿಯಬಲ್ಲವು. ಮಣ್ಣಾಡಿದ ಕೈಯನ್ನು ಬಾಯಿಗಿಟ್ಟ ಮಗುವಿನ ಹೊಟ್ಟೆಯನ್ನು ಸೇರಿ, ಒಡೆದು, ಮರಿಹುಳುಗಳು ಈಲಿಗೆ, ಶ್ವಾಸಕೋಶಕ್ಕೆ, ಕೆಲವೊಮ್ಮೆ ಕಣ್ಣಿಗೆ ನುಸುಳುತ್ತವೆ. ಕಣ್ಣಿಗೆ ಹೊಕ್ಕರೆ ದೃಷ್ಟಿಯೇ ಹೋಗಬಹುದು. ಕೊಕ್ಕೆಹುಳುವಿನ ಮರಿಗಳಾದರೋ ಬಾಯಿಯ ದಾರಿಯನ್ನೂ ಕಾಯುವುದಿಲ್ಲ. ತೇವದ ನೆಲದಲ್ಲಿ ಬರಿಗಾಲಿನ ಚರ್ಮವನ್ನು ಕೊರೆದು ಒಳಹೊಕ್ಕು ಹಾವಿನಂತೆ ಬಳುಕುವ ತುರಿಗೆರೆಗಳನ್ನು ಎಬ್ಬಿಸುತ್ತವೆ. ಹುಚ್ಚುನಾಯಿಯ ರೋಗವೂ ಮಲದಿಂದ ಬರುವುದೆಂದು ಕೆಲವರು ಹೆದರುವುದುಂಟು. ಆ ಭಯ ಬೇಡ, ಅದು ಜೊಲ್ಲಿನಿಂದ, ಕಡಿತದಿಂದ ಬರುವುದು.

ಇಲ್ಲಿಯೇ ಒಂದು ಸಮಾಧಾನದ ಸಂಗತಿಯೂ ಇದೆ. ದುಂಡುಹುಳುವಿನ ಮೊಟ್ಟೆ ಬಿದ್ದೊಡನೆ ರೋಗ ತರುವುದಿಲ್ಲ. ಮಣ್ಣಿನಲ್ಲಿ ಎರಡರಿಂದ ನಾಲ್ಕು ವಾರ ಕಳೆದು ಬಲಿತ ಮೇಲೆಯೇ ತರುತ್ತದೆ. ಕೊಕ್ಕೆಹುಳುವಿನ ಮರಿ ಬಲಿಯಲು ವಾರ ಹತ್ತು ದಿನ ಸಾಕು. ಅಂದಮೇಲೆ ಅಂದಂದಿನದನ್ನು ಅಂದಂದೇ ಎತ್ತಿದರೆ ಅಪಾಯದ ಬಹುಭಾಗ ಎತ್ತಿದಂತೆಯೇ. ವಾರಕ್ಕೊಮ್ಮೆ ಎಂಬ ಅಮೆರಿಕದ ವಾಯಿದೆ ಅಲ್ಲಿಯ ಚಳಿಗೆ ಒಗ್ಗೀತು. ನಮ್ಮ ಮಲೆನಾಡಿನ ಮಳೆಗೂ ಕರಾವಳಿಯ ಬಿಸಿಗೂ ಅದು ಸಾಲದೆಂದು ನನ್ನ ಅಭಿಪ್ರಾಯ. ಮಳೆ ಬಿದ್ದು ಕರಗಿ ಕಾಣದಾದದ್ದು ಹೋಯಿತೆಂದು ತಿಳಿಯಬಾರದು. ಕಂಡಾಗ ಒಂದೆಡೆ ಇದ್ದದ್ದು ಕಾಣದಾದಾಗ ಎಲ್ಲೆಡೆ ಹರಡಿರುತ್ತದೆ, ಕೆರೆಯನ್ನೂ ಸೇರುತ್ತದೆ.

ಗೊಬ್ಬರ ಮಾಡುವುದು ಅಸಾಧ್ಯವೇನೂ ಅಲ್ಲ. ಅಲಾಸ್ಕದ ಫೇರ್‌ಬ್ಯಾಂಕ್ಸ್ ಎಂಬಲ್ಲಿ ಹಿಮದ ಗಾಡಿ ಎಳೆಯುವ ನಾಯಿಗಳನ್ನು ಹಿಂಡುಗಟ್ಟಿ ಸಾಕುವವರು ಎರಡು ಪಾಲು ಮಲಕ್ಕೆ ಒಂದು ಪಾಲು ಮರದ ಹೊಟ್ಟನ್ನು ಬೆರೆಸಿ, ತೇವವನ್ನು ಹದವಾಗಿಟ್ಟು, ರಾಶಿಯನ್ನು ಮಗುಚಿ ಮಗುಚಿ ಒಳಗಿನ ಶಾಖವನ್ನು 60 ಡಿಗ್ರಿ ಸೆಂಟಿಗ್ರೇಡಿನವರೆಗೆ ಏರಿಸಿ ಗೊಬ್ಬರ ಮಾಡಿದ್ದಾರೆ. ಅದನ್ನು ಹೂಗಿಡಕ್ಕೆ, ಹುಲ್ಲುಹಾಸಿಗೆ ಹಾಕುವರು, ತರಕಾರಿಗೆ ಹಾಕುವುದಿಲ್ಲ. ಆದರೆ ಒಂದೆರಡು ನಾಯಿಗಳ ಮನೆಯಲ್ಲಿ ಅಷ್ಟು ದೊಡ್ಡ ರಾಶಿಯೂ ಆಗದು, ಅಷ್ಟು ಶಾಖವೂ ಏರದು. ಹಿತ್ತಲಿನ ಸೊಪ್ಪಿನ ಪಾತಿಗೆ ಸೇರಿಸುವ ಉಳಿತಾಯಬುದ್ಧಿಯನ್ನು ಇಲ್ಲಿ ಬಿಡತಕ್ಕದ್ದು. ಸಗಣಿಯಿಂದ ಉರುವಲು ಅನಿಲ ಮಾಡುವ ನಮ್ಮ ಗೋಬರ್ ಅನಿಲದ ತತ್ತ್ವವನ್ನೇ ಅನುಸರಿಸಿ, 2010ರಲ್ಲಿ ಅಮೆರಿಕದ ಕೇಂಬ್ರಿಜ್ ನಗರದ ಉದ್ಯಾನವೊಂದರಲ್ಲಿ ನಾಯಿಯ ಮಲದಿಂದ ಒಂದು ದೀಪವನ್ನು ಉರಿಸಿ ತೋರಿಸಿದರು. ತೋರಿಕೆಗೆ ಅದು ಚೆನ್ನ. ನಗರದ ಹೊರೆ ಒಂದು ದೀಪದಿಂದ ಇಳಿಯುವುದಲ್ಲ.

ಹಾಗಾದರೆ ಗೃಹಸ್ಥನಿಗೆ ಉಳಿದ ಸುಲಭೋಪಾಯ ಯಾವುದು? ಒಳಚರಂಡಿಯಿರುವ ಊರಿನಲ್ಲಿ ಮಲವನ್ನು, ಚೀಲವಿಲ್ಲದೆ, ಮನೆಯ ಶೌಚದ ಗುಂಡಿಗೇ ಹಾಕಿ ನೀರು ಬಿಡುವುದು ಉತ್ತಮ. ಮನುಷ್ಯನದು ಎಲ್ಲಿಗೆ ಹೋಗುವುದೋ ಅಲ್ಲಿಗೇ ಅದೂ ಹೋಗುತ್ತದೆ. ಕನ್ನಡವು ಎರಡಕ್ಕೂ ಒಂದೇ ಹೆಸರಿಟ್ಟಿತೆಂದು ಆರಂಭದಲ್ಲಿ ಹೇಳಿದೆನಷ್ಟೆ. ದಾರಿಯೂ ಒಂದೇ ಆಗುವುದರಲ್ಲಿ ತಪ್ಪಿಲ್ಲ. ಬೆಕ್ಕಿನ ಮಲಕ್ಕೆ ಮಾತ್ರ ಈ ವಿಧಿ ಸಲ್ಲದು. ಅದರಲ್ಲಿ ಇರಬಹುದಾದ ಟಾಕ್ಸೊಪ್ಲಾಸ್ಮ ಎಂಬ ಜೀವಿ ಶುದ್ಧೀಕರಣವನ್ನು ತಪ್ಪಿಸಿಕೊಂಡು ನೀರನ್ನು ಸೇರಬಲ್ಲದು. ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕುವವರು ‘ಮಣ್ಣಿನಲ್ಲಿ ಕರಗುವ ಚೀಲ’ ಎಂಬ ಮುದ್ರೆಯನ್ನು ಪೂರ್ಣವಾಗಿ ನಂಬಬೇಕಾಗಿಲ್ಲ. 2015ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂತಹ ಚೀಲಗಳ 20 ಮಂದಿ ವ್ಯಾಪಾರಿಗಳಿಗೆ, ನಿಮ್ಮ ಮಾತು ಗಿರಾಕಿಯನ್ನು ದಾರಿತಪ್ಪಿಸುವಂತಿರಬಹುದೆಂದು ಎಚ್ಚರಿಕೆಯ ಪತ್ರ ಬರೆಯಿತು. ಭರ್ತಿನೆಲದ ಒಳಗೆ ಗಾಳಿಯಾಡದಿರುವುದರಿಂದ ಅಂತಹ ಚೀಲವೂ ಬೇಗನೆ ಕರಗುವುದಿಲ್ಲ.

ಈಗ ನಮ್ಮ ನಾಡಿನ ಸಂಗತಿಗೆ ಬರೋಣ. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತೆಂಬ ಗಾದೆ ನಮ್ಮಲ್ಲಿದೆ. ನಗರದ ಮನೆಗಳಲ್ಲಿ ಈ ಗಾದೆ ನಾಯಿಯ ಒಡೆಯನಿಗೇ ಸಲ್ಲುವಂತಾಗಿದೆ. ಯಜಮಾನರು ಮನೆಗೆಲಸದವಳಿಗೆ ಹೇಳುವರು. ಆಕೆ ಕಟ್ಟಡದ ಕಾವಲುಗಾರನ ಕಡೆ ನೋಡುವಳು. ಕಡೆಗೆ ಮರುದಿನ ಬೆಳಗ್ಗೆ ಬೀದಿ ಗುಡಿಸುವ ಪೌರಕಾರ್ಮಿಕಳ ಪೊರಕೆಗೆ ಅದು ಸಿಕ್ಕುವುದು. ಇವರಾರಿಗೂ ಆ ಕೆಲಸಕ್ಕೆಂದು ಗೊತ್ತಾದ ಕೂಲಿಯಿಲ್ಲ. ಮನುಷ್ಯರ ಮಲವನ್ನು ಮನುಷ್ಯರು ತಲೆಯ ಮೇಲೆ ಹೊರುವ ಪದ್ಧತಿಯನ್ನು ನಿಲ್ಲಿಸಲು 1970ರ ದಶಕದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ಕೈಗೊಂಡ ಕ್ರಮ ನಮ್ಮ ರಾಜ್ಯದ ಇತಿಹಾಸದಲ್ಲಿ ನೆನೆಯತಕ್ಕದ್ದು. ಮಲ ಹೊರುವ ಕೆಲಸಕ್ಕೆ ಜನರನ್ನು ನೇಮಿಸುವುದನ್ನು ನಿಷೇಧಿಸುವ ಕೇಂದ್ರದ ಕಾಯಿದೆಗಳು 1993ರಲ್ಲಿಯೂ 2013ರಲ್ಲಿಯೂ ಬಂದುವು. ಆ ಕಾಯಿದೆಗಳ ವಿಷಯ ಮನುಷ್ಯರ ಮಲ. ನಾಯಿಯದನ್ನು ಎತ್ತುವ ಕೈ ಯಾರದೆಂಬುದನ್ನು ನೋಡಿದರೆ ಹಳೆಯ ಏರ್ಪಾಡು ಹೊಸ ಬಾಗಿಲಿನಿಂದ ಒಳಗೆ ಬರುತ್ತಿದೆಯೇನೋ ಎಂಬ ಆತಂಕವಾಗುತ್ತದೆ.

ಕಾಯಕವೆಂಬ ದೊಡ್ಡ ಮಾತನ್ನು ಇಲ್ಲಿ ತಂದು ನಿಲ್ಲಿಸುವುದು ಸುಲಭ. ಯಾವ ಕೆಲಸವೂ ಕೀಳಲ್ಲವೆಂದು ವೇದಿಕೆಯ ಮೇಲೆ ನುಡಿದವರು ಅದೇ ಕೆಲಸವನ್ನು ಮಾಡುವವನಿಗೆ ಗವಸು ಕೊಡದಿದ್ದರೆ ಆ ಮಾತಿಗೆ ತೂಕವಿಲ್ಲ. ಲಂಡನ್ನಿನ ಮುದುಕಿಗೆ ತನ್ನ ಬಕೀಟಿನ ಬೆಲೆಯನ್ನಾದರೂ ಕೇಳುವ ಅಧಿಕಾರವಿದ್ದಿತು; ಏಕೆಂದರೆ ಬೆಲೆ ವಸ್ತುವಿನಲ್ಲಿದ್ದಿತು. ಈಗ ವಸ್ತುವಿಗೆ ಬೆಲೆಯಿಲ್ಲ. ಆದುದರಿಂದ ಬೆಲೆಯನ್ನು ಕೈಗೆ ಕಟ್ಟಬೇಕು. ಕಟ್ಟದೆ ಹೋದರೆ ಕೈಯೂ ವಸ್ತುವಿನೊಡನೆ ಬೆಲೆಗೆಡುತ್ತದೆ. ಅಮೆರಿಕದ ಚೊಕ್ಕಟಗಾರನು ತನ್ನ ದರವನ್ನು ತಾನೇ ಹೇಳುತ್ತಾನೆ, ಒಲ್ಲದ ಗಿರಾಕಿಯನ್ನು ಬಿಡುತ್ತಾನೆ, ವಾಹನದ ಮೇಲೆ ತನ್ನ ವೃತ್ತಿಯ ಹೆಸರನ್ನು ಬರೆಸಿಕೊಂಡು ತಿರುಗುತ್ತಾನೆ. ಅವನ ಮರ್ಯಾದೆ ಇರುವುದು ಈ ಮೂರು ಸ್ವಾತಂತ್ರ್ಯಗಳಲ್ಲಿ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇಂತಹ ಉದ್ಯಮವನ್ನು ಹೂಡುವುದಾದರೆ ಅದು ಮೆಚ್ಚತಕ್ಕದ್ದೇ. ಆದರೆ ಕೆಲವು ಕರಾರುಗಳನ್ನು ಮೊದಲೇ ಬರೆದಿಟ್ಟುಕೊಳ್ಳಲಿ. ಕಟ್ಟಡದ ನಿವಾಸಿಗಳ ಸಂಘದೊಡನೆ ಒಪ್ಪಂದ ಮಾಡಿಕೊಂಡು ಶುಲ್ಕವನ್ನು ನಾಯಿ ಸಾಕಿದವರಿಂದಲೇ ವಸೂಲು ಮಾಡಬೇಕು. ಸಾಕದವರ ಮೇಲೆ ಹಂಚಿದರೆ ಪ್ಯಾರಿಸ್ಸಿನ ಕಥೆಯೇ ಆದೀತು. ಶುಲ್ಕದಲ್ಲಿ ವಿಲೇವಾರಿಯ ವೆಚ್ಚವನ್ನು ಬೇರೆಯಾಗಿ ತೋರಿಸಬೇಕು. ಬೆಲೆ ಇಳಿಸೆಂದು ಗಿರಾಕಿ ಪೀಡಿಸಿದಾಗ ಮೊದಲು ಕತ್ತರಿ ಬೀಳುವುದು ಅಲ್ಲಿಗೇ, ಎರಡನೆಯದಾಗಿ ಕೆಲಸದವನ ಗವಸು ಬೂಟುಗಳಿಗೆ. ಕೆಲಸದವನಿಗೆ ಧನುರ್ವಾಯುವಿನ ಚುಚ್ಚುಮದ್ದು, ನಾಯಿ ಕಡಿತಕ್ಕೆ ಮುಂಚಿತವಾಗಿ ಕೊಡುವ ಲಸಿಕೆ, ಕೈತೊಳೆಯಲು ಸಾಬೂನು ನೀರು ಇರುವ ಸ್ಥಳ, ಇವು ಸಂಬಳದ ಹೊರತಾಗಿ ಸಲ್ಲಬೇಕು. ಜಾತಿಯನ್ನು ನೋಡಿ ಕೆಲಸಕ್ಕೆ ಕರೆಯುವುದು ಆ ಮನೆತನಗಳನ್ನು ಮತ್ತೆ ಹಳೆಯ ಬಾವಿಗೇ ತಳ್ಳಿದಂತೆ. ಉದ್ಯಮಿ ತಾನೇ ಮೊದಲ ಆರು ತಿಂಗಳು ಮೊರ ಹಿಡಿದು ನಡೆದರೆ ಆ ಶಂಕೆ ನಿವಾರಣೆಯಾಗುತ್ತದೆ, ಲೆಕ್ಕವೂ ತಿಳಿಯುತ್ತದೆ.

ಶಾಲೆಗಳನ್ನು ನಡೆಸುವವರಿಗೆ ಸಂಬಂಧಿಸಿದ ಒಂದು ಮಾತು ಉಳಿದಿದೆ. ಆಟದ ಬಯಲಿಗೆ ಬೀದಿನಾಯಿಗಳು ರಾತ್ರಿ ಬರುತ್ತವೆ. ಸಡಿಲವಾದ ಮರಳೆಂದರೆ ಅವಕ್ಕೆ ವಿಶೇಷ ಪ್ರೀತಿ. ಉದ್ದಜಿಗಿತದ ಮರಳುಗುಂಡಿಯೂ, ಶಿಶುವಿಹಾರದ ಮಕ್ಕಳು ಆಡುವ ಮರಳಿನ ಅಂಕಣವೂ ನಮ್ಮ ಶಾಲೆಗಳಲ್ಲಿ ಸಾಮಾನ್ಯವಾಗಿ ತೆರೆದೇ ಬಿದ್ದಿರುತ್ತವೆ. ಸಂಜೆ ಆಟ ಮುಗಿದೊಡನೆ ಅವುಗಳ ಮೇಲೆ ಟಾರ್ಪಾಲು ಹೊದಿಸಿ ಅಂಚುಗಳಿಗೆ ಕಲ್ಲಿಡುವುದು ವಾಚಮನ್ನನ ಕೆಲಸಗಳ ಪಟ್ಟಿಗೆ ಸೇರಬೇಕು. ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಬಯಲನ್ನು ಒಮ್ಮೆ ನಡೆದು ನೋಡಿ ಎತ್ತಿಹಾಕುವ ಕೆಲಸಕ್ಕೆ ಒಬ್ಬ ವಯಸ್ಕನನ್ನು ಸಂಬಳಕ್ಕೆ ಗೊತ್ತುಮಾಡಬೇಕು. ಅದನ್ನು ಶ್ರಮದಾನವೆಂದು ಮಕ್ಕಳಿಗೆ ಒಪ್ಪಿಸುವುದು ಎಷ್ಟು ಮಾತ್ರಕ್ಕೂ ಸಲ್ಲದು. ದಾನಿಗಳು ಕಟ್ಟಡಕ್ಕೆ, ಗಡಿಯಾರಕ್ಕೆ, ಧ್ವನಿವರ್ಧಕಕ್ಕೆ ಉದಾರವಾಗಿ ಕೊಡುತ್ತಾರೆ. ಒಂದು ಟಾರ್ಪಾಲು, ಉದ್ದ ಹಿಡಿಯ ಒಂದು ಮೊರ, ವರ್ಷಕ್ಕಾಗುವಷ್ಟು ಕೈಗವಸು ಮತ್ತು ಆ ಒಬ್ಬನ ಸಂಬಳ, ಇವುಗಳನ್ನೂ ದತ್ತಿಯ ಪಟ್ಟಿಯಲ್ಲಿ ಬರೆದು ಆಡಳಿತ ಮಂಡಳಿಯ ಮುಂದಿಡಬಹುದು.